ಎರಡು ದಿನಕ್ಕೆ ತಂದ ಹೀಟರು

ನೆವಿಲ್‌ನನ್ನು ಕಿನ್ನಿಗೋಳಿಯ ಇಗರ್ಜಿಯ ಮಗ್ಗುಲಲ್ಲಿ ಮಣ್ಣು ಮಾಡಿ, ತಿಂಗಳ ಪೂಜೆಯನ್ನೂ ಮುಗಿಸಿ, ದೋಹಾಕ್ಕೆ ಮರಳಿದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ ಲೆಸ್ಲಿ ಕುಟಿನ್ಹಾನಿಗೆ ಚಳಿಯಾಯಿತು. ಚಳಿಯಾದ ಕೂಡಲೇ ಹೀಟರಿನ ನೆನಪಾಯಿತು. ಹೀಟರಿನ ನೆನಪಾದ ಮೇಲೆ, ಅದನ್ನು ಒಯ್ದಿದ್ದ ನೆವಿಲ್ ಸತ್ತಿದ್ದಾನೆ ಎಂಬುದು ನೆನಪಾಯಿತು. ನೆನಪುಗಳು ಈ ಕ್ರಮದಲ್ಲಿ ಬಂದದ್ದಕ್ಕಾಗಿ ಲೆಸ್ಲಿ ಹಾಸಿಗೆಯಲ್ಲೇ ಶಿಲುಬೆಯ ಗುರುತು ಹಾಕಿಕೊಂಡು ಕ್ಷಮೆ ಕೇಳಿದ. ಆದರೆ ಚಳಿ ಹೋಗಲಿಲ್ಲ.

ಅದು ಎಣ್ಣೆ ತುಂಬಿದ ಹೀಟರು. ನಿಲ್ಲಿಸಿಟ್ಟ ಹಾರ್ಮೋನಿಯಂನ ಹಾಗೆ ಮೈಯೆಲ್ಲ ಮಡಿಕೆ, ಕೆಳಗೆ ಚಕ್ರ. ಚಕ್ರಗಳಲ್ಲಿ ಒಂದು ಎಂದೋ ಲೆಸ್ಲಿಯ ಮನೆಯಿದ್ದ ಬಿನ್ ಮಹಮೂದ್ ಬಡಾವಣೆಯ ಕಟ್ಟಡದ ಮೆಟ್ಟಿಲುಗಳಲ್ಲಿ ಕಳಚಿ ಹೋಗಿದ್ದರಿಂದ ಅದು ಕುಂಟುತ್ತಿತ್ತು. ಕಳೆದ ಚಳಿಯಲ್ಲಿ ನೆವಿಲ್ ತನ್ನ ಹೆಂಡತಿ ಬೆನಿಟಾಳಿಗೆ ಜ್ವರ ಬಂದಾಗ ಬಂದು, "ಎರಡು ದಿನಕ್ಕೆ ಕೊಡು ಮಾರಾಯ" ಎಂದು ಒಯ್ದಿದ್ದ. ನೆವಿಲ್ ಲೆಸ್ಲಿಯ ಚಿಕ್ಕಪ್ಪನ ಮಗ. ಚಿಕ್ಕಪ್ಪನ ಮಗನಿಗೆ ಎರಡು ದಿನಕ್ಕೆಂದು ಕೊಟ್ಟದ್ದನ್ನು ಮೂರನೆಯ ದಿನ ಕೇಳುವ ಪದ್ಧತಿ ಕುಟಿನ್ಹಾ ಮನೆತನದಲ್ಲಿ ಇರಲಿಲ್ಲ. ಆಮೇಲೆ ಬೇಸಿಗೆ ಬಂತು. ದೋಹಾದ ಬೇಸಿಗೆಯಲ್ಲಿ ಹೀಟರು ವಾಪಸು ಕೇಳುವವನನ್ನು ಜನ ಡಾಕ್ಟರರ ಹತ್ತಿರ ಕಳಿಸುತ್ತಾರೆ. ಡಿಸೆಂಬರಿನಲ್ಲಿ ಕೇಳೋಣ ಎಂದು ಲೆಸ್ಲಿ ಅಂದುಕೊಂಡಿದ್ದ. ನವೆಂಬರಿನ ಕೊನೆಯಲ್ಲಿ ನೆವಿಲ್ ಆಫೀಸಿನ ಕುರ್ಚಿಯಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಮದುವೆಯಾಗಿ ಮೂರನೆಯ ವರ್ಷ.

ಲೆಸ್ಲಿ ಒಬ್ಬನೇ ಆಗಿದ್ದರೆ ಎರಡು ಕಂಬಳಿ ಹೊದ್ದು ಆ ಜನವರಿಯನ್ನು ಹೇಗೋ ಕಳೆಯುತ್ತಿದ್ದ. ಆದರೆ ಹೆಂಡತಿ ನಟಾಶಾ ಹೆರಿಗೆಗೆಂದು ಉದ್ಯಾವರದ ತವರಿಗೆ ಹೋಗಿದ್ದಳು, ಆ ಬೆಳಿಗ್ಗೆ ಅಲ್ಲಿಂದ ಅವನ ಅತ್ತೆ ಸೆವ್ರಿನ್ ಬಾಯಿಯ ಫೋನು ಬಂತು.

"ಟಿವಿಯಲ್ಲಿ ನೋಡಿದೆ. ಕುವೈತಿನಲ್ಲಿ ನೀರು ಗಟ್ಟಿಯಾಗ್ತಾ ಉಂಟಂತೆ."

"ಅದು ಕುವೈತ್ ಮಾಂಯ್. ಇದು ಕತಾರ್."

"ಹೌದಾ? ಅಲ್ಲಿಂದ ನಿಮ್ಮಲ್ಲಿಗೆ ಬರ್ಲಿಕ್ಕೆ ಚಳಿಗೆ ವೀಸಾ ಬೇಕಾ?"

ಅತ್ತೆ ಮುಂದಿನ ಮಾತಿಗೆ ಬಂದರು.

"ಶುಕ್ರವಾರ ನಟಾಶಾ ಮತ್ತು ಮಗುವಿನ ಜೊತೆ ನಾನೂ ಬರ್ತಾ ಇದ್ದೇನೆ. ನಿಮ್ಮ ಹೀಟಿಂಗ್ ಸಿಸ್ಟಂ ಸರಿ ಉಂಟಲ್ಲ?"

ಈ ಹೀಟಿಂಗ್ ಸಿಸ್ಟಂ ಹುಟ್ಟಿದ್ದು ಮಗುವಿನ ಜ್ಞಾನಸ್ನಾನದ ಊಟದ ಮೇಜಿನಲ್ಲಿ. ಕೆನಡಾದಿಂದ ಬಂದಿದ್ದ ನಟಾಶಾಳ ಅಣ್ಣ ಕೆನೆತ್, ತನ್ನ ಮನೆಯಲ್ಲಿ ಗೋಡೆಯ ಒಳಗಿನಿಂದಲೇ ಹೇಗೆ ಬಿಸಿ ಬರುತ್ತದೆ, ಹೊರಗೆ ಹಿಮ ಬಿದ್ದರೂ ಒಳಗೆ ಹೇಗೆ ಬನಿಯನ್ನಿನಲ್ಲಿ ಕೂರಬಹುದು ಎಂದು ಹಂದಿಯ ಪಲ್ಯ ತಣ್ಣಗಾಗುವವರೆಗೆ ವರ್ಣಿಸಿದ್ದ. ನೆಂಟರೆಲ್ಲ ಕೆನೆತ್‌ನ ಕಡೆ ನೋಡುತ್ತಿದ್ದರು. ಮಗುವಿನ ತಂದೆಯ ಕಡೆ ಯಾರೂ ನೋಡುತ್ತಿರಲಿಲ್ಲ. ಆಗ ಲೆಸ್ಲಿ, "ದೋಹಾದಲ್ಲಿ ನಮ್ಮ ಮನೆಯಲ್ಲೂ ಹೀಟಿಂಗ್ ಸಿಸ್ಟಂ ಉಂಟು" ಎಂದುಬಿಟ್ಟ. ಸಿಸ್ಟಂ ಎಂದರೆ ಆ ಒಂದು ಹೀಟರು. ಅದು ಮದೀನತ್ ಖಲೀಫಾದಲ್ಲಿ, ಸತ್ತವನ ಮನೆಯಲ್ಲಿತ್ತು.

"ಸರಿ ಉಂಟು ಮಾಂಯ್. ಸರ್ವೀಸ್ ಮಾಡಿಸ್ತಾ ಇದ್ದೇನೆ."

"ಮಾಡಿಸಿ. ಮನೆ ತಣ್ಣಗಿದ್ದರೆ ನಾನು ಅದೇ ವಿಮಾನದಲ್ಲಿ ತಾಯಿ ಮಗುವನ್ನು ಕರ್ಕೊಂಡು ವಾಪಸು ಬರ್ತೇನೆ. ಮತ್ತೆ ಏಪ್ರಿಲಿನ ಪಾಸ್ಖಾ ಹಬ್ಬ ಕಳೆದ ಮೇಲೆ ನೋಡುವಾ."

ಸೆವ್ರಿನ್ ಬಾಯಿ ಹೇಳಿದ್ದನ್ನು ಮಾಡುವ ಹೆಂಗಸು. ಅವರ ಗಂಡ ಇದನ್ನು ತಿಳಿದ ಮೇಲೆಯೇ ಬೇಗ ತೀರಿಕೊಂಡದ್ದೆಂದು ಉದ್ಯಾವರದಲ್ಲಿ ಹೇಳುತ್ತಾರೆ.

ಆಫೀಸು ಬಿಟ್ಟ ಮೇಲೆ ಲೆಸ್ಲಿ ಅಂಗಡಿಗಳನ್ನು ಸುತ್ತಿದ. ಇಡೀ ದೋಹಾ ಅವನಿಗಿಂತ ಮೊದಲೇ ನಡುಗಿತ್ತು. ಎಲ್ಲಿಯೂ ಹೀಟರು ಉಳಿದಿರಲಿಲ್ಲ. ಕೊನೆಯ ಅಂಗಡಿಯ ಸೇಲ್ಸ್‌ಮನ್, ಕಿವಿಗೆ ಮಫ್ಲರ್ ಸುತ್ತಿಕೊಂಡವನು, "ಹೀಟರ್ ಮಾಫಿ, ಇಲ್ಲವೇ ಇಲ್ಲ ಸಾರ್, ಎಲ್ಲ ಖಲಾಸ್. ಟೇಬಲ್ ಫ್ಯಾನ್ ಉಂಟು, ಡಿಸ್ಕೌಂಟಿನಲ್ಲಿ ಕೊಡ್ತೇನೆ" ಎಂದ.

ಮರುದಿನ ಸಂಜೆ ಲೆಸ್ಲಿ ಮದೀನತ್ ಖಲೀಫಾಕ್ಕೆ ಕಾರು ತಿರುಗಿಸಿದ. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿದ: "ಬೆನಿಟಾ, ಬೇಜಾರು ಮಾಡ್ಬೇಡ, ಆ ಹೀಟರು ನಮ್ಮದು." ಪ್ರತಿ ಸಿಗ್ನಲ್ಲಿನಲ್ಲೂ ವಾಕ್ಯ ಸರಿಯಾಗಿ ಬರುತ್ತಿತ್ತು.

ಬೆನಿಟಾ ಬಾಗಿಲು ತೆರೆದಳು. ಶಾಲೆಯಲ್ಲಿ ಕೆಮಿಸ್ಟ್ರಿ ಕಲಿಸುವವಳು. ಮೊದಲೂ ಮಾತು ಕಡಿಮೆ, ಈಗ ಇನ್ನೂ ಕಡಿಮೆ.

"ಬನ್ನಿ ಬಾವ."

ಹೀಟರು ಎದುರಿನ ಕೋಣೆಯಲ್ಲೇ ಇತ್ತು, ಕಿಟಕಿಯ ಕೆಳಗೆ. ವೈರು ಸುತ್ತಿಟ್ಟಿತ್ತು. ಅದರ ಮೇಲೆ ನೆವಿಲ್‌ನ ಬೂದು ಬಣ್ಣದ ಸ್ವೆಟರು ಹರವಿತ್ತು. ನವೆಂಬರಿನಲ್ಲಿ ಒಗೆದು ಒಣಗಲು ಹಾಕಿದ್ದು. ಒಣಗಿ ಎಷ್ಟೋ ಕಾಲವಾಗಿತ್ತು, ಯಾರೂ ತೆಗೆದಿರಲಿಲ್ಲ.

ಲೆಸ್ಲಿ ಬಾಯಿ ತೆರೆದ. ಬಂದ ವಾಕ್ಯ ಬೇರೆಯದೇ.

"ಬೆನಿಟಾ, ಚಳಿಗಾಲಕ್ಕೆ ಮನೆ ತಯಾರುಂಟಾ?"

"ತಯಾರು ಅಂದ್ರೆ?"

"ಅಂದ್ರೆ ಹೀಟಿಂಗ್ ಸಿಸ್ಟಂ ಎಲ್ಲ. ನೋಡಿ ಹೋಗುವಾ ಅಂತ ಬಂದದ್ದು."

"ನೋಡಿ."

ನೋಡುವುದೆಂದರೆ ಏನೆಂದು ಗೊತ್ತಿಲ್ಲದವನು ನೋಡುವ ಹಾಗೆಯೇ ಲೆಸ್ಲಿ ನೋಡಿದ. ಗೋಡೆ ಮುಟ್ಟಿದ. ಕಿಟಕಿಗೆ ಕೂರಿಸಿದ್ದ ಏಸಿಯ ಸಂದಿಗೆ ಕೈ ಒಡ್ಡಿದ. ಹೊರಗಿನ ಗಾಳಿ ನೇರವಾಗಿ ಅಂಗಿಯ ತೋಳಿನೊಳಗೆ ಹೋಯಿತು. ಹೀಟರಿನ ಸುತ್ತ ಒಂದು ಪ್ರದಕ್ಷಿಣೆ ಬಂದ. ಅಡುಗೆಮನೆ ನೋಡಿ ಬಂದು ಮತ್ತೊಂದು ಬಂದ. ಬಚ್ಚಲಿನ ನಲ್ಲಿ ತಿರುಗಿಸಿ ಕೈ ಹಿಡಿದವನು ಕೂಡಲೇ ಕೈ ತೆಗೆದ.

"ಗೀಸರ್ ಹಾಕಿಲ್ವಾ?"

"ಗೊತ್ತಿಲ್ಲ. ನೆವಿಲ್ ಹಾಕ್ತಿದ್ದ."

"ಮತ್ತೆ ಸ್ನಾನ?"

"ಮಾಡ್ತೇನೆ."

ಅಷ್ಟರಲ್ಲಿ ಕೆಳಗಿನ ಮನೆಯ ಪಕೀರಬ್ಬ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಉಳ್ಳಾಲದವರು, ದೋಹಾದಲ್ಲಿ ಖರ್ಜೂರದ ವ್ಯಾಪಾರ ಮಾಡುತ್ತಲೇ ಗಡ್ಡ ಬೆಳ್ಳಗಾಗಿತ್ತು. ತಲೆಗೆ ಉಣ್ಣೆಯ ಟೊಪ್ಪಿ, ಅದರ ಮೇಲೆ ಹೆಂಡತಿಯ ಶಾಲು. ಊರಿನ ರೂಢಿಯಂತೆ ಕ್ರೈಸ್ತರನ್ನೆಲ್ಲ ಪೊರ್ಬುಗಳೆಂದೇ ಕರೆಯುವವರು.

"ಏನು ಪೊರ್ಬುಗಳೇ, ನೆವಿಲ್ ಮಾಡ್ತಿದ್ದ ಕೆಲಸ ಮಾಡ್ಲಿಕ್ಕೆ ನೀವು ಬಂದದ್ದಾ?"

ಯಾವ ಕೆಲಸವೆಂದು ಕೇಳುವ ಬದಲು ಲೆಸ್ಲಿ, "ಹೌದು" ಎಂದ. ಅವನ ಜೀವನದ ಹೆಚ್ಚಿನ ತೊಂದರೆಗಳು ಶುರುವಾಗುವುದು ಹೀಗೆಯೇ.

"ದೇವರು ನಿಮಗೆ ಒಳ್ಳೇದು ಮಾಡಲಿ. ನಾವು ಡಿಸೆಂಬರಿನಿಂದ ಸ್ಟವಿನಲ್ಲಿ ನೀರು ಕಾಯಿಸ್ತಾ ಇದ್ದೇವೆ. ಯಾವ ಸ್ವಿಚ್ಚು ಎಲ್ಲುಂಟು ಅಂತ ಅವನಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲ."

ಸಂಗತಿ ಇದು. ಆ ವಿಲ್ಲಾ ಕಟ್ಟುವಾಗ ಒಂದೇ ಮನೆ. ಆಮೇಲೆ ಪ್ಲೈವುಡ್ ಹೊಡೆದು ಮೂರು ಮನೆ ಮಾಡಿದ್ದರು. ಗೋಡೆಗಳು ಬೇರೆಯಾದರೂ ತಂತಿಗಳು ಬೇರೆಯಾಗಿರಲಿಲ್ಲ. ಬೆನಿಟಾಳ ಗೀಸರಿನ ಸ್ವಿಚ್ಚು ಪಕೀರಬ್ಬರ ಅಡುಗೆಮನೆಯ ಫ್ರಿಜ್ಜಿನ ಹಿಂದೆ, ಪಕೀರಬ್ಬರದು ಹಿತ್ತಲಿನ ಕೋಣೆಯ ತಿರುಮಲೇಶನ ಮಂಚದ ಕೆಳಗೆ, ತಿರುಮಲೇಶನದು ಯಾರಿಗೂ ಗೊತ್ತಿಲ್ಲದ ಜಾಗದಲ್ಲಿ. ಪ್ರತಿ ವರ್ಷ ಡಿಸೆಂಬರ್ ಮೂರಕ್ಕೆ ಬರುವ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬದ ದಿನ ನೆವಿಲ್ ಲುಂಗಿ ಕಟ್ಟಿಕೊಂಡು ಇಡೀ ವಿಲ್ಲಾವನ್ನು ಬೇಸಿಗೆಯಿಂದ ಚಳಿಗಾಲಕ್ಕೆ ದಾಟಿಸುತ್ತಿದ್ದ. ಗೀಸರುಗಳನ್ನು ಹಾಕುತ್ತಿದ್ದ, ಏಸಿಗಳ ಬೆನ್ನಿಗೆ ರಟ್ಟು ಹೊಡೆದು ಟೇಪು ಸುತ್ತುತ್ತಿದ್ದ. ಈ ವರ್ಷ ಹಬ್ಬಕ್ಕೆ ಮೊದಲೇ ಹೋದ. ವಿಲ್ಲಾ ಬೇಸಿಗೆಯಲ್ಲೇ ನಿಂತುಬಿಟ್ಟಿತ್ತು.

"ನಿಮಗೆ ನೆವಿಲ್ ಎಲ್ಲ ಹೇಳಿರ್ಬೇಕಲ್ಲ?" ಎಂದರು ಪಕೀರಬ್ಬ.

"ಎಲ್ಲ ಹೇಳಿದ್ದಾನೆ."

"ಹಾಗಾದ್ರೆ ನಾಳೆ ಬನ್ನಿ. ರಟ್ಟು ನಾನು ಕೊಡ್ತೇನೆ."

ಪಕೀರಬ್ಬ ಇಳಿದು ಹೋದರು. ಲೆಸ್ಲಿ ಹೀಟರನ್ನೇ ನೋಡಿದ. ಆಗ ಅವನಿಗೆ ಹೊಳೆದದ್ದು ತನ್ನ ಲೆಕ್ಕದಲ್ಲಿ ಬಹಳ ಜಾಣ ಉಪಾಯ.

"ಬೆನಿಟಾ, ಈ ಹೀಟರಿಗೆ ಸರ್ವೀಸ್ ಆಗಬೇಕು. ತಗೊಂಡು ಹೋಗಲಾ?"

ಬೆನಿಟಾ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸ್ವೆಟರನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡಳು. "ತಗೊಳ್ಳಿ" ಅಂದಳು.

ಟಕ್, ಟಕ್ ಎಂದು ಕುಂಟುವ ಹೀಟರನ್ನು ಲೆಸ್ಲಿ ಮೆಟ್ಟಿಲ ತುದಿಯವರೆಗೆ ತಂದಿದ್ದ. ಕೆಳಗಿನಿಂದ ಪಕೀರಬ್ಬರ ಹೆಂಡತಿ ಲೈಲಾ ಬೆನಿಟಾಳಿಗೆಂದು ಬಿಸಿ ಗಂಜಿಯ ಪಾತ್ರೆ ಹಿಡಿದು ಬರುತ್ತಿದ್ದರು.

"ಅದನ್ನು ಎಲ್ಲಿಗೆ ಹೊತ್ತದ್ದು?"

"ಸರ್ವೀಸಿಗೆ, ಲೈಲಕ್ಕ."

"ಗಂಡ ಇಲ್ಲದವಳ ಮನೆಯಲ್ಲಿ ಬಿಸಿ ಅಂತ ಇರುವುದು ಅದೊಂದು. ಅದನ್ನೂ ಹೊರಗೆ ಹಾಕ್ತೀರಾ? ಊರಲ್ಲಿ ಕೇಳಿದವರು ಏನು ಹೇಳಿಯಾರು?"

"ಅಲ್ಲ, ಅದರ ಒಳಗೆ..."

"ಒಳಗೆ ಏನುಂಟೋ ಇಲ್ಲೇ ನೋಡಿ. ನಾನೂ ನೋಡ್ತೇನೆ. ನಮ್ಮವರಿಗೂ ಕಲ್ತ ಹಾಗಾಯ್ತು."

ಎಣ್ಣೆ ಹೀಟರಿನಲ್ಲಿ ಸರ್ವೀಸ್ ಮಾಡುವಂಥದು ಏನೂ ಇಲ್ಲ. ಅದರ ಎಣ್ಣೆಯನ್ನು ಬದಲಿಸುವಂತಿಲ್ಲ, ಹೊಟ್ಟೆಯನ್ನು ಬಿಚ್ಚುವಂತಿಲ್ಲ. ಲೆಸ್ಲಿ ಅದನ್ನು ಮೊದಲಿನ ಜಾಗಕ್ಕೆ ತಂದು ನಿಲ್ಲಿಸಿ, ಕರ್ಚೀಫು ತೆಗೆದು ಒಂದೊಂದೇ ಮಡಿಕೆಯ ಧೂಳು ಒರೆಸಿದ. ಲೈಲಾ ಗಂಜಿಯ ಪಾತ್ರೆ ಇಳಿಸದೆ ನೋಡುತ್ತಿದ್ದರು. ಒರೆಸಿದ್ದು ಸಾಲದೆನ್ನಿಸಿ ಅವನು ಬೆರಳಿನ ಗೆಣ್ಣಿನಿಂದ ಹೀಟರನ್ನು ಬಡಿದ, ಕಿವಿಯಿಟ್ಟು ಕೇಳಿದ, ಮತ್ತೆ ಬಡಿದ.

"ಹೇಗುಂಟು?"

"ಈಗ ಅಡ್ಡಿಯಿಲ್ಲ."

ಬೆನಿಟಾ ಸ್ವೆಟರನ್ನು ಹೀಟರಿನ ಮೇಲೆ ಮತ್ತೆ ಹರವಿದಳು.

ಮರುದಿನ ಲೆಸ್ಲಿ ಆಫೀಸಿನಿಂದ ಅರ್ಧ ದಿನ ರಜೆ ಹಾಕಿ ಬಂದ. ರಟ್ಟಿನ ಕೆಲಸ ತಕ್ಕಮಟ್ಟಿಗೆ ಆಯಿತು. ಎಲ್ಲ ಏಸಿಗಳ ಬೆನ್ನ ಮೇಲೆ ಖರ್ಜೂರದ ಚಿತ್ರ ಬಂತು. ಬೀದಿಯಿಂದ ನೋಡಿದರೆ ಇಡೀ ವಿಲ್ಲಾ ಮಾರಾಟಕ್ಕಿಟ್ಟ ಹಾಗೆ ಕಾಣುತ್ತಿತ್ತು. ಆಮೇಲೆ ಸ್ವಿಚ್ಚುಗಳ ಬೇಟೆ. ತಿರುಮಲೇಶ ತುಮಕೂರಿನವನು, ಲೆಕ್ಕ ತಪಾಸಣೆಯ ಕೆಲಸ, ಮದುವೆಯಾಗಿಲ್ಲ. ಅವನ ಮಂಚದ ಕೆಳಗೆ ಲೆಸ್ಲಿ ಹೊಟ್ಟೆಯ ಮೇಲೆ ತೆವಳಿದ.

"ಸಾರ್, ಅಲ್ಲಿ ಒಂದು ಪೆಟ್ಟಿಗೆ ಇದೆ, ಅದನ್ನ ಮುಟ್ಬೇಡಿ" ಎಂದ ತಿರುಮಲೇಶ.

"ಏನುಂಟು ಅದರಲ್ಲಿ?"

"ಪುಸ್ತಕ ಸಾರ್. ಭಾರದ ಪುಸ್ತಕ."

ಕೊನೆಗೆ ಬೆನಿಟಾಳ ಬಾಗಿಲಿನ ಹೊರಗಿದ್ದ ಬೀಗವಿಲ್ಲದ ಡಬ್ಬಿಯೊಂದರಲ್ಲಿ ತಿರುಮಲೇಶನ ಸ್ವಿಚ್ಚೂ ಸಿಕ್ಕಿತು. ಲೆಸ್ಲಿ ಎಲ್ಲವನ್ನೂ ಹಾಕಿದ. ಕೆಂಪು ದೀಪಗಳು ಹತ್ತಿದವು. ಜೀವನದಲ್ಲಿ ಮೊದಲ ಸಲ ಒಂದು ಕೆಲಸ ಪೂರ್ತಿ ಮಾಡಿದ ತೃಪ್ತಿಯಿಂದ ಅವನು ಬೆನಿಟಾಳ ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯತೊಡಗಿದ. ಹೀಟರು ಕೇಳುವ ವಾಕ್ಯವನ್ನು ಮತ್ತೆ ಮನಸ್ಸಿನಲ್ಲಿ ಜೋಡಿಸುತ್ತಿದ್ದ.

ನೆವಿಲ್ ಪ್ರತಿ ವರ್ಷ ಮಾಡುತ್ತಿದ್ದ ಒಂದು ಕೆಲಸ ಲೆಸ್ಲಿಗೆ ಗೊತ್ತಿರಲಿಲ್ಲ. ಸ್ವಿಚ್ಚು ಹಾಕಿದ ಮೇಲೆ ಅವನು ಪ್ರತಿ ಬಾಗಿಲು ತಟ್ಟಿ, "ಇವತ್ತಿನಿಂದ ಕೆಂಪು ನಲ್ಲಿ ಬಿಸಿ" ಎಂದು ಸಾರಿ ಬರುತ್ತಿದ್ದ.

ಊರಿನವರಿಗೆ ಇದು ವಿಚಿತ್ರವೆನ್ನಿಸಬಹುದು. ದೋಹಾದ ಬೇಸಿಗೆಯಲ್ಲಿ ಮಾಡಿನ ಮೇಲಿನ ಟ್ಯಾಂಕಿಯ ನೀರು ಬಿಸಿಲಿಗೆ ಕುದಿಯುತ್ತದೆ. ನೀಲಿ ನಲ್ಲಿ ತಿರುಗಿಸಿದರೆ ಕೋಳಿಯ ಗರಿ ಕೀಳುವಷ್ಟು ಬಿಸಿ. ಆದ್ದರಿಂದ ಗೀಸರನ್ನು ಆರಿಸಿ, ಅದರ ಹೊಟ್ಟೆಯಲ್ಲಿ, ಮನೆಯ ಏಸಿಯ ನೆರಳಿನಲ್ಲಿ ತಣ್ಣಗಾದ ನೀರನ್ನು ಕೆಂಪು ನಲ್ಲಿಯಿಂದ ಹಿಡಿಯುತ್ತಾರೆ. ಬೇಸಿಗೆಯುದ್ದಕ್ಕೂ ಎಲ್ಲರ ಕೈ ತಣ್ಣೀರಿಗೆಂದು ಕೆಂಪು ನಲ್ಲಿಗೇ ಹೋಗುತ್ತದೆ. ವಿಲ್ಲಾದವರ ಕೈ ಇನ್ನೂ ಬೇಸಿಗೆಯಲ್ಲೇ ಇತ್ತು.

ಲೈಲಾ ಮೀನು ತೊಳೆಯಲು ಕೆಂಪು ನಲ್ಲಿ ತಿರುಗಿಸಿದರು. ತಿರುಮಲೇಶ ಶಾಂಪೂ ಹಚ್ಚಿದ ತಲೆಯನ್ನು ಕೆಂಪು ನಲ್ಲಿಯ ಕೆಳಗೆ ಇಟ್ಟ. ಪಕೀರಬ್ಬ ನಮಾಜಿಗೆ ಕಾಲು ತೊಳೆಯಲು ಕೂತಿದ್ದರು.

ಮೂರು ಕಡೆಯಿಂದ ಕೂಗು ಒಟ್ಟಿಗೆ ಬಂತು. ಲೆಸ್ಲಿಯ ಕೈಯಲ್ಲಿದ್ದ ಚಹಾ ಅವನ ತೊಡೆಯ ಮೇಲೆ ಬಿತ್ತು. ಅದು ನಾಲ್ಕನೆಯ ಕೂಗು.

ಅಂಗಳದಲ್ಲಿ ವಿಚಾರಣೆ ನಡೆಯಿತು. ಅರ್ಧ ತಲೆ ನೊರೆಯಲ್ಲಿದ್ದ ತಿರುಮಲೇಶ, "ಹೇಳ್ಬಾರ್ದಾ ಸಾರ್ ಒಂದು ಮಾತು" ಎನ್ನುತ್ತಿದ್ದ. ಪಕೀರಬ್ಬ ಒಂದು ಕಾಲಿನ ಮೇಲೆ ನಿಂತು, "ನೆವಿಲ್ ಇದ್ದಾಗ ಹೀಗೆ ಆದದ್ದಿಲ್ಲ" ಎಂದರು. ಇದು ಎಲ್ಲರೂ ಒಪ್ಪುವ ಮಾತು. ಸತ್ತವನನ್ನು ಹೊಗಳಿ ಸಿಟ್ಟು ಇಳಿಸಿಕೊಂಡು, ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್ ಹಚ್ಚಿಕೊಂಡು ಅವರವರು ಒಳಗೆ ಹೋದರು. ಒಳಗೆ ಹೋದವರು, ಹೊರಗೆ ಅಂಗಳದಲ್ಲಿ ನಿಂತು ಚಳಿ ಹತ್ತಿದ್ದರಿಂದ, ಅವರವರ ಗುಟ್ಟಿನ ವಸ್ತುವನ್ನು ಹೊರತೆಗೆದು ಪ್ಲಗ್ಗಿಗೆ ಹಾಕಿದರು.

ಫಟ್ ಎಂದು ಒಂದು ಶಬ್ದ. ಫ್ರಿಜ್ಜುಗಳು ಸುಮ್ಮನಾದವು. ಎಲ್ಲ ಕಡೆ ರಬ್ಬರು ಸುಟ್ಟ ವಾಸನೆ.

ಆ ವಿಲ್ಲಾದಲ್ಲಿ ಹೀಟರು ಇಡಕೂಡದೆಂದು ಮಾಲೀಕರ ಕಟ್ಟಪ್ಪಣೆ ಇತ್ತು. ತಂತಿ ತಾಳುವುದಿಲ್ಲ. ಪ್ರತಿಯೊಬ್ಬರೂ ತಾನೊಬ್ಬ ಇಟ್ಟರೆ ಏನಾಗುತ್ತದೆ ಎಂದುಕೊಂಡು ಒಂದೊಂದು ಇಟ್ಟಿದ್ದರು. ತಿರುಮಲೇಶನ ಭಾರದ ಪುಸ್ತಕ ಹೀಟರು. ಪಕೀರಬ್ಬರ ಬಟ್ಟೆಯ ಕಪಾಟಿನಲ್ಲಿ ಒಂದು. ಲೈಲಾರ ಅಕ್ಕಿಯ ಡಬ್ಬದ ಹಿಂದೆ ಇನ್ನೊಂದು. ಅದು ಪಕೀರಬ್ಬರಿಗೂ ಗೊತ್ತಿರಲಿಲ್ಲ.

ಸಂಜೆ ಬಂದ ಕರೆಂಟಿನವನು ಸುಟ್ಟ ತಂತಿ ಬದಲಿಸಿ, ಅದನ್ನು ಮೂಸಿ, ಬಾಡಿಗೆಯ ಉಸ್ತುವಾರಿ ನೋಡುವ ಸಲಾಂಗೆ ಫೋನಿನಲ್ಲಿ ಒಂದೇ ಶಬ್ದ ಹೇಳಿದ: "ಹೀಟರ್." ಸಲಾಂ ಮಂಜೇಶ್ವರದವರು. ಪಕೀರಬ್ಬರಿಗೆ ಫೋನು ಮಾಡಿದರು.

"ಎಷ್ಟು ಹೀಟರುಂಟು ಅಲ್ಲಿ?"

"ಹೀಟರಾ? ಹಾಗೆಂದರೆ ಎಂತದ್ದು?"

"ಗುರುವಾರ ಸಂಜೆ ಬರ್ತೇನೆ. ಮನೆ ಮನೆ ನೋಡ್ತೇನೆ. ಸಿಕ್ಕಿದ್ದೆಲ್ಲ ಮಾಲೀಕ ಅರ್ಬಾಬನ ಗೋಡೌನಿಗೆ. ಅಲ್ಲಿಯವರೆಗೆ ಗೇಟಿನಿಂದ ಒಂದು ಹೀಟರೂ ಹೊರಗೆ ಹೋಗ್ಲಿಕ್ಕಿಲ್ಲ ಅಂತ ವಾಚ್‌ಮನ್ನಿಗೆ ಹೇಳಿದ್ದೇನೆ. ಖಲಾಸ್."

ಲೆಸ್ಲಿ ಗೇಟಿನ ಕಡೆ ನೋಡಿದ. ವಾಚ್‌ಮನ್ ಆಗಲೇ ಕುರ್ಚಿಯನ್ನು ಗೇಟಿಗೆ ಅಡ್ಡ ಹಾಕಿ ಕುಳಿತಿದ್ದ. ಗುರುವಾರದ ಮರುದಿನ ಶುಕ್ರವಾರ. ಶುಕ್ರವಾರ ಬೆಳಿಗ್ಗೆ ವಿಮಾನ.

"ಒಂದು ಉಪಾಯ ಉಂಟು" ಎಂದರು ಪಕೀರಬ್ಬ, ದನಿ ತಗ್ಗಿಸಿ. "ಎಲ್ಲವನ್ನೂ ಬೆನಿಟಾಳ ಮನೆಯಲ್ಲಿಡುವಾ. ಸಾವಾದ ಮನೆಯಲ್ಲಿ ಸಲಾಂ ಕಪಾಟು ತೆಗೆದು ನೋಡ್ಲಿಕ್ಕಿಲ್ಲ. ಮನುಷ್ಯ ಸ್ವಲ್ಪ ಗಡುಸು, ಆದ್ರೆ ಮರ್ಯಾದೆ ಉಂಟು."

ಕೇಳಲು ಲೆಸ್ಲಿಯನ್ನೇ ಕಳಿಸಿದರು, ಬಾವ ಎಂದು. ಅವನು ಬಾಗಿಲಲ್ಲಿ ನಿಂತು ತೊದಲುತ್ತ ಹೇಳಿ ಮುಗಿಸಿದ.

"ಇಡಿ" ಎಂದಳು ಬೆನಿಟಾ.

ಗುರುವಾರ ಸಂಜೆ ಬೆನಿಟಾಳ ಎದುರಿನ ಕೋಣೆಯಲ್ಲಿ ಬಿಳಿ ಬೆಡ್‌ಶೀಟು ಹೊದ್ದ ಮೂರು ಮೇಜುಗಳು ಸಾಲಾಗಿ ನಿಂತಿದ್ದವು. ನಡುವಿನ ಮೇಜಿನ ಮೇಲೆ ನೆವಿಲ್‌ನ ಫೋಟೊ, ಹೂವು, ಒಂದು ಉದ್ದದ ಮೇಣದಬತ್ತಿ. ಇದು ಲೈಲಾರ ಯೋಜನೆ. ಕಿಟಕಿಯ ಕೆಳಗಿನ ಹೀಟರಿಗೆ ಬೆಡ್‌ಶೀಟು ಹೊದಿಸಲು ಹೋದಾಗ ಮಾತ್ರ ಬೆನಿಟಾ, "ಅದು ಹಾಗೇ ಇರಲಿ" ಎಂದಿದ್ದಳು. ಸ್ವೆಟರು ಅದರ ಮೇಲೆ ಮೊದಲಿನ ಹಾಗೆಯೇ ಇತ್ತು. ಲೆಸ್ಲಿ ಅದರ ಎದುರು, ತನ್ನ ತೆಳ್ಳಗಿನ ಮೈಯಿಂದ ಎಷ್ಟು ಮುಚ್ಚಬಹುದೋ ಅಷ್ಟು ಮುಚ್ಚಿ ನಿಂತ.

ಸಲಾಂ ಕೆಳಗಿನ ಎರಡೂ ಮನೆ ನೋಡಿ, ಏನೂ ಸಿಗದೆ, ಮೇಲೆ ಬಂದರು. ದಪ್ಪ ಆಳು, ಕೈಯಲ್ಲಿ ಬೀಗದ ಕೈಗಳ ಗೊಂಚಲು. ಫೋಟೊ ನೋಡಿದವರೇ ಗೊಂಚಲನ್ನು ಜೇಬಿಗೆ ಹಾಕಿ, ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿಯ ತುದಿಯಲ್ಲಿ ಕುಳಿತರು. ಉಪಾಯ ಫಲಿಸಿತ್ತು. ಪಕೀರಬ್ಬ ಲೆಸ್ಲಿಗೆ ಕಣ್ಣು ಮಿಟುಕಿಸಿದರು.

ಆಗ ಟಿಕ್ ಎಂದು ಒಂದು ಶಬ್ದ ಬಂತು.

ನಡುವಿನ ಮೇಜು ಪಕೀರಬ್ಬರ ಹೀಟರು. ಸುಟ್ಟ ಕಾಲಿಗೆ ಶಾಖ ಬೇಕೆಂದು ಅವರು ಅದನ್ನು ಸಲಾಂನ ಕಾರು ಗೇಟಿಗೆ ಬರುವವರೆಗೂ ಉರಿಸುತ್ತಿದ್ದರು. ಎಣ್ಣೆ ಹೀಟರು ಆರಿಸಿದ ಮೇಲೆ ತಣ್ಣಗಾಗುತ್ತ ಟಿಕ್ ಟಿಕ್ ಎನ್ನುತ್ತದೆ. ಅದು ಅದರ ಸ್ವಭಾವ.

ಟಿಕ್.

ಸಲಾಂ ಗಡಿಯಾರಕ್ಕಾಗಿ ಗೋಡೆ ನೋಡಿದರು. ಗೋಡೆಯಲ್ಲಿ ಗಡಿಯಾರವಿರಲಿಲ್ಲ. ಲೆಸ್ಲಿಗೆ ಬೇರೆ ದಾರಿ ಕಾಣಲಿಲ್ಲ. ಜೇಬಿನಿಂದ ಜಪಮಾಲೆ ತೆಗೆದು ಗಟ್ಟಿ ದನಿಯಲ್ಲಿ ಪ್ರಾರ್ಥನೆ ಶುರು ಮಾಡಿದ. ಎಲ್ಲರೂ ತಲೆ ತಗ್ಗಿಸಿದರು. ಸಲಾಂ ಕೂಡ ಮರ್ಯಾದೆಯಿಂದ ಕೈ ಕಟ್ಟಿ ಕುಳಿತರು. ಲೆಸ್ಲಿ ಒಂದು ಮಣಿ ದಾಟಿದ ಕೂಡಲೇ ಟಿಕ್. ಅವನು ದನಿ ಏರಿಸಿದ. ಮತ್ತೆ ಟಿಕ್, ಮತ್ತೆ ಏರಿಸಿದ. ನಿಲ್ಲಿಸುವಂತಿಲ್ಲ, ಹೀಟರು ನಿಲ್ಲಿಸುತ್ತಿಲ್ಲ. ತಿರುಮಲೇಶ ಪ್ರತಿ ಟಿಕ್ಕಿಗೂ ಸರಿಯಾಗಿ ಕೆಮ್ಮಿ ಸಹಾಯ ಮಾಡಲು ನೋಡಿದ, ಆದರೆ ಕೆಮ್ಮು ಸ್ವಲ್ಪ ತಡವಾಗಿ ಬರುತ್ತಿತ್ತು. ಲೆಸ್ಲಿಯ ಹಣೆಯಿಂದ ಬೆವರು ಇಳಿಯಿತು. ಆ ಜನವರಿಯಲ್ಲಿ ಇಡೀ ದೋಹಾದಲ್ಲಿ ಬೆವರಿದವನು ಬಹುಶಃ ಅವನೊಬ್ಬನೇ.

ಅಷ್ಟರಲ್ಲಿ ಮೇಣದಬತ್ತಿ ಸೊಂಟದಲ್ಲಿ ಬಳುಕಿತು.

ಕೆಳಗಿನ ಶಾಖಕ್ಕೆ ಬುಡ ಮೆತ್ತಗಾಗಿತ್ತು. ಅದು ನಿಧಾನವಾಗಿ, ಬಹಳ ವಿನಯದಿಂದ, ನೆವಿಲ್‌ನ ಫೋಟೊದ ಕಡೆ ಬಾಗತೊಡಗಿತು. ಎಲ್ಲರೂ ಅದನ್ನೇ ನೋಡಿದರು. ಸಲಾಂ ಕೂಡ ನೋಡಿದರು. ಲೆಸ್ಲಿಗೆ ಜಪದ ಮುಂದಿನ ಸಾಲು ಮರೆತುಹೋಯಿತು.

"ಪೊರ್ಬುಗಳೇ" ಎಂದರು ಸಲಾಂ ಮೆಲ್ಲಗೆ, "ನಿಮ್ಮ ಮೇಣದಬತ್ತಿಯೂ ಬಗ್ಗಿ ಪ್ರಾರ್ಥನೆ ಮಾಡ್ತಾ ಉಂಟಲ್ಲ."

ಸಲಾಂನ ಕೈ ಜೇಬಿನ ಗೊಂಚಲಿನ ಕಡೆ ಹೋಯಿತು. ಲೆಸ್ಲಿ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನಲ್ಲಿ ಸೆವ್ರಿನ್ ಬಾಯಿ ಮಗುವನ್ನು ಎತ್ತಿಕೊಂಡು ವಿಮಾನದ ಮೆಟ್ಟಿಲು ಹತ್ತುತ್ತಿದ್ದರು.

ಬೆನಿಟಾ ಎದ್ದಳು. ಬಾಗಿದ ಮೇಣದಬತ್ತಿಯನ್ನು ಊದಿ ಆರಿಸಿದಳು. ಆಮೇಲೆ ಲೆಸ್ಲಿಯ ಹತ್ತಿರ ಬಂದು, "ಸ್ವಲ್ಪ ಸರಿಯಿರಿ ಬಾವ" ಎಂದು ಅವನನ್ನು ಪಕ್ಕಕ್ಕೆ ಸರಿಸಿ, ಸ್ವೆಟರನ್ನು ಎತ್ತಿ ಹೀಟರನ್ನು ತೋರಿಸಿದಳು.

"ಇದು ಹೀಟರು. ನೆವಿಲ್ ಒಬ್ಬರಿಂದ ಕೇಳಿ ತಂದದ್ದು. ನಮ್ಮದಲ್ಲ. ನಾಳೆ ಬೆಳಿಗ್ಗೆ ಅವರಿಗೆ ಕೊಡ್ಬೇಕು. ಇದನ್ನು ನೀವು ಒಯ್ದರೆ ನೆವಿಲ್ ಕೊಟ್ಟ ಮಾತು ಹೋಗ್ತದೆ."

ಊರಿಂದ ಬಂದ ಮೇಲೆ ಅವಳು ಇಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಸಲಾಂ ಫೋಟೊ ನೋಡಿದರು, ಹೀಟರು ನೋಡಿದರು, ಬಿಳಿ ಬೆಡ್‌ಶೀಟುಗಳನ್ನು ಬಹಳ ಹೊತ್ತು ನೋಡಿದರು.

"ಅವನಿದ್ದಾಗ ಈ ವಿಲ್ಲಾದಿಂದ ನನಗೆ ಒಂದು ಫೋನೂ ಬರ್ತಿರಲಿಲ್ಲ" ಎಂದರು. "ಸರಿ ತಂಗಿ. ಅದು ನಾಳೆ ಗೇಟು ದಾಟಲಿ, ವಾಚ್‌ಮನ್ನಿಗೆ ಹೇಳ್ತೇನೆ." ಎದ್ದು ಬಾಗಿಲವರೆಗೆ ಹೋಗಿ ತಿರುಗಿದರು. "ಪಕೀರಬ್ಬಾಕ, ಈ ಮೂರು ಮೇಜುಗಳನ್ನು ಒಟ್ಟಿಗೆ ಪ್ಲಗ್ಗಿಗೆ ಹಾಕ್ಬೇಡಿ. ಒಂದು ಸಲಕ್ಕೆ ಒಂದೇ ಮೇಜು."

ಕಾರಿನ ಶಬ್ದ ದೂರವಾದ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಲೆಸ್ಲಿ ಮಾತ್ರ ನಿಂತಲ್ಲೇ ನಿಂತಿದ್ದ. ಒಬ್ಬರಿಂದ ಎಂದಳು. ಯಾರಿಂದ ಎಂದು ಹೇಳಲಿಲ್ಲ.

"ಅದು ಯಾರದ್ದು ಬೆನಿಟಾ?" ಎಂದ, ಆದಷ್ಟು ಸಹಜವಾಗಿ.

"ನೆವಿಲ್ ಹೇಳಿದ್ದ" ಎಂದಳು, ಫೋಟೊದ ಮೇಲೆ ಬಿದ್ದ ಮೇಣ ಕೆರೆಯುತ್ತ.

"ಅವಳ ಶಾಲೆಯ ನಶೀದಾ ಟೀಚರದ್ದಿರ್ಬೇಕು" ಎಂದರು ಲೈಲಾ. "ಮುಐದರಿನಲ್ಲಿ ದೊಡ್ಡ ಮನೆ ಅವರದ್ದು. ನಾಲ್ಕು ಹೀಟರಾದ್ರೂ ಉಂಟು."

"ನಶೀದಾ ಟೀಚರದ್ದೇ" ಎಂದರು ಪಕೀರಬ್ಬ, ಕಣ್ಣಾರೆ ಕಂಡವರ ಹಾಗೆ.

ಈಗ ಬಾಯಿ ತೆರೆದು ಅದು ನನ್ನದು ಎನ್ನಲು ಲೆಸ್ಲಿಯಿಂದ ಆಗಲಿಲ್ಲ. ಮೂರು ದಿನ ಒರೆಸಿ, ಬಡಿದು, ಕಿವಿಯಿಟ್ಟು ಕೇಳಿದ್ದು ತನ್ನದೇ ಹೀಟರನ್ನು ಎಂದು ಇಷ್ಟು ಜನರೆದುರು ಹೇಳುವುದು ಹೇಗೆ? "ನಾಳೆ ನಾನು ಮುಟ್ಟಿಸಲಾ?" ಎಂದು ಕೇಳಿ ನೋಡಿದ.

"ಬೇಡ ಬಾವ. ನಾನೇ ಕೊಡ್ತೇನೆ."

ಶುಕ್ರವಾರ ಬೆಳಿಗ್ಗೆ ಬಿನ್ ಮಹಮೂದಿನ ಮೂರನೆಯ ಮಾಳಿಗೆಯಲ್ಲಿ ಲೆಸ್ಲಿಯ ಹೀಟಿಂಗ್ ಸಿಸ್ಟಂ ಹೀಗಿತ್ತು: ಗ್ಯಾಸಿನ ಎಲ್ಲ ಒಲೆಗಳ ಮೇಲೂ ನೀರಿನ ಪಾತ್ರೆ, ಬಾಗಿಲು ತೆರೆದಿಟ್ಟ ಓವನ್, ಮಂಚದ ಮೇಲೆ ಇಸ್ತ್ರಿಪೆಟ್ಟಿಗೆಯಿಂದ ಬೆಚ್ಚಗೆ ಮಾಡಿದ ಹಾಸಿಗೆ. ಅವನು ಪಾತ್ರೆಯಿಂದ ಓವನ್ನಿಗೆ, ಓವನ್ನಿನಿಂದ ಇಸ್ತ್ರಿಗೆ ಓಡುತ್ತಿದ್ದ. ಹಾಸಿಗೆ ಒಂದು ಕಡೆ ಬಿಸಿಯಾಗುವಷ್ಟರಲ್ಲಿ ಇನ್ನೊಂದು ಕಡೆ ತಣ್ಣಗಾಗುತ್ತಿತ್ತು. ವಿಮಾನ ನಿಲ್ದಾಣಕ್ಕೆ ಹೊರಡುವ ಹೊತ್ತಾಗಿತ್ತು.

ಆಗ ಮೆಟ್ಟಿಲಿನಲ್ಲಿ ಶಬ್ದ ಕೇಳಿತು. ಏನೋ ಭಾರದ್ದು, ಮೆಟ್ಟಿಲಿನಿಂದ ಮೆಟ್ಟಿಲಿಗೆ ಎತ್ತಿ ಇಡುವ ಶಬ್ದ. ಆ ಕಟ್ಟಡದಲ್ಲಿ ಲಿಫ್ಟಿರಲಿಲ್ಲ. ಸೆವ್ರಿನ್ ಬಾಯಿ ಹಳೆಯ ಕಬ್ಬಿಣದ ಟ್ರಂಕಿಲ್ಲದೆ ಎಲ್ಲಿಗೂ ಹೊರಡುವವರಲ್ಲ. ವಿಮಾನ ಬೇಗ ಬಂದಿರಬೇಕು. ಕಾಯದೆ ಟ್ಯಾಕ್ಸಿ ಹಿಡಿದಿರಬೇಕು. ಲೆಸ್ಲಿ ಇಸ್ತ್ರಿಪೆಟ್ಟಿಗೆಯನ್ನು ಹಾಸಿಗೆಯ ಕೆಳಗೆ ತುರುಕಿ, ಅದು ಬಿಸಿಯಿದ್ದದ್ದು ನೆನಪಾಗಿ ಹೊರಗೆಳೆದು, ಕೈ ಸುಟ್ಟುಕೊಂಡು, ಸುಟ್ಟ ಬೆರಳು ಬಾಯಲ್ಲಿಟ್ಟುಕೊಂಡೇ ಬಾಗಿಲಿಗೆ ಓಡಿದ. ಶಬ್ದ ಕೊನೆಯ ಮೆಟ್ಟಿಲು ದಾಟಿ ಕಾರಿಡಾರಿಗೆ ಬಂತು. ಟಕ್, ಟಕ್ ಎಂದು ಕುಂಟುತ್ತ ಅವನ ಬಾಗಿಲಿನ ಎದುರು ನಿಂತಿತು.

ಬಾಗಿಲು ತೆರೆದ. ಬೆನಿಟಾ ಹೀಟರಿನ ಹಿಡಿ ಹಿಡಿದು ನಿಂತಿದ್ದಳು. ಮೂರು ಮಾಳಿಗೆ ಒಬ್ಬಳೇ ಹತ್ತಿಸಿ ತಂದದ್ದು. ಉಸಿರು ಜೋರಾಗಿ ಬರುತ್ತಿತ್ತು. ನೆವಿಲ್‌ನ ಬೂದು ಸ್ವೆಟರು ಅವಳ ಮೈ ಮೇಲಿತ್ತು. ಉದ್ದವಾದ ತೋಳುಗಳನ್ನು ಮಡಚಿಕೊಂಡಿದ್ದಳು.

ಲೆಸ್ಲಿ ಬಾಯಿಂದ ಬೆರಳು ತೆಗೆದ.

"ನಿನಗೆ ಗೊತ್ತಿತ್ತಾ?"

"ನೀವು ಬಂದ ದಿನವೇ ಗೊತ್ತಿತ್ತು. ಅದರ ಸುತ್ತ ಬರ್ತಾ ಇದ್ದಿರಿ."

"ಮತ್ತೆ ಅವತ್ತೇ ಯಾಕೆ ಹೇಳಲಿಲ್ಲ ಮಾರಾಯ್ತಿ?"

"ಹೇಳಿದ್ದರೆ ಗೀಸರ್ ಯಾರು ಹಾಕ್ತಿದ್ದರು?"

ಅವಳು ಹೀಟರನ್ನು ಹೊಸ್ತಿಲು ದಾಟಿಸಿ ಒಳಗಿಟ್ಟಳು. ಲೆಸ್ಲಿ ಅದರ ಮೇಲೆ ಕೈ ಇಟ್ಟ. ಅದು ಇನ್ನೂ ಬೆಚ್ಚಗಿತ್ತು. ಬೆಳಿಗ್ಗೆ ಒಮ್ಮೆ ಹಾಕಿ ನೋಡಿದ್ದಳು.

ಮೆಟ್ಟಿಲ ಹತ್ತಿರ ಹೋದವಳು ಏನೋ ಮರೆತ ಹಾಗೆ ನಿಂತು ತಿರುಗಿದಳು.

"ಎರಡು ದಿನಕ್ಕೆ ಅಂತ ಹೇಳಿ ತಂದಿದ್ದ" ಎಂದಳು. "ಸ್ವಲ್ಪ ತಡ ಆಯ್ತು ಬಾವ."